ಡಬ್ಲಿನ್‌ನ ಮೊದಲ ಹ್ಯಾಲೋವೀನ್: ನಿಮ್ಮ ಅತ್ತೆಯವರಿಗೂ ಒಂದು ಉತ್ತರ

ಡಬ್ಲಿನ್‌ಗೆ ಬಂದು ಎರಡು ತಿಂಗಳಾಯಿತು, ಜೊತೆಗೆ ಕೆಲಸ ಮಾಡುವವರು ಅಕ್ಟೋಬರ್ 31ರ ಹ್ಯಾಲೋವೀನ್ ಪಾರ್ಟಿಗೆ ಕರೆದಿದ್ದಾರೆ, ಏನು ಹಾಕಿಕೊಳ್ಳಲಿ, ಏನು ಒಯ್ಯಲಿ, ಇಲ್ಲಿನ ಮಕ್ಕಳ ಹಾಗೆ ಮಗನಿಗೂ ವೇಷ ಹಾಕಿ ಚಾಕಲೇಟ್ ಕೇಳೋಕೆ ಮನೆ ಮನೆಗೆ ಕಳಿಸಲಾ, ಊರಲ್ಲಿರುವ ಅತ್ತೆ ‘ದೆವ್ವದ ಹಬ್ಬಕ್ಕೆಲ್ಲ ಹೋಗಬೇಡ’ ಅಂತಾರೆ ಎಂದು ಬರೆದಿದ್ದೀರಿ.

ಬಟ್ಟೆಯ ಚಿಂತೆ ಬಿಡಿ. ಕಪ್ಪು ಡ್ರೆಸ್, ಕಣ್ಣಿಗೆ ಜಾಸ್ತಿ ಕಾಡಿಗೆ, ಸಾಕು. ಬರಿಗೈಲಿ ಹೋಗಬಾರದು ಅಂತ ನಿಮಗೆ ನಾನು ಹೇಳಬೇಕಾ? ಒಂದು ಬ್ರ್ಯಾಕ್ ಒಯ್ಯಿರಿ. ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ ಅದು, ಈ ತಿಂಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಒಳಗೊಂದು ಅಗ್ಗದ ಉಂಗುರ ಇರುತ್ತೆ, ಸಿಕ್ಕವರಿಗೆ ವರ್ಷದೊಳಗೆ ಮದುವೆ ಅಂತ ತಮಾಷೆ. ಹಿಂದೆ ಬಟ್ಟೆ ಚೂರು, ನಾಣ್ಯ, ಬಟಾಣಿ ಕೂಡ ಇಡುತ್ತಿದ್ದರಂತೆ. ಬಟ್ಟೆ ಸಿಕ್ಕವರಿಗೆ ಬಡತನ, ಬಟಾಣಿ ಸಿಕ್ಕವರಿಗೆ ಆ ವರ್ಷ ಮದುವೆ ಇಲ್ಲ. ಮೊಟ್ಟೆ ತಿನ್ನದಿದ್ದರೆ ಪೊಟ್ಟಣದ ಮೇಲೆ ಓದಿ ನೋಡಿ. ಹಲ್ಲು ಜೋಪಾನ.

ಅತ್ತೆಗೆ ಏನು ಹೇಳೋದು ಅನ್ನೋದೇ ಮುಖ್ಯ. ಇದು ಅಮೆರಿಕದಿಂದ ಬಂದ ಹಬ್ಬ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿನದೇ. ಕ್ರೈಸ್ತ ಧರ್ಮ ಬರೋದಕ್ಕೂ ಮೊದಲು ಐರ್ಲೆಂಡಿನಲ್ಲಿ ಸುಗ್ಗಿ ಮುಗಿದು, ದನಗಳು ಗುಡ್ಡದ ಮೇವಿನಿಂದ ಇಳಿದು, ಚಳಿಗಾಲ ಶುರುವಾಗುವ ರಾತ್ರಿ ಇದು. ಮೀಥ್ ಕೌಂಟಿಯ ಅಥ್‌ಬಾಯ್ ಪಕ್ಕದ ಗುಡ್ಡದ ಮೇಲೆ ದೊಡ್ಡ ಬೆಂಕಿ ಹಾಕುತ್ತಿದ್ದರು ಅಂತ ಹಳೆಯ ಬರಹಗಳು ಹೇಳುತ್ತವೆ. ನವೆಂಬರ್ 1ನ್ನು ಎಲ್ಲ ಸಂತರ ದಿನ ಅಂತ ಚರ್ಚ್ ಮಾಡಿದ್ದು ಆಮೇಲೆ, 8-9ನೇ ಶತಮಾನದಲ್ಲಿ. ಹಿಂದಿನ ಸಂಜೆಯ ಹಳೆಯ ಆಚರಣೆ ಹಾಗೇ ಉಳಿಯಿತು. ಕುಂಬಳಕಾಯಿ ಮಾತ್ರ ಅಮೆರಿಕದ್ದು. ಇಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 1840ರ ದಶಕದ ಬರಗಾಲದಲ್ಲಿ ಹಡಗು ಹತ್ತಿದವರಿಗೆ ಅಲ್ಲಿ ಕುಂಬಳಕಾಯಿ ಸುಲಭವಾಗಿ ಸಿಕ್ಕಿತು. ಮೇಯೋ ಕೌಂಟಿಯ ಮ್ಯೂಸಿಯಂನಲ್ಲಿ ಅಂಥ ಗಡ್ಡೆಯ ಅಚ್ಚು ಒಂದಿದೆ. ಸುಕ್ಕುಗಟ್ಟಿದ ಮುಖ, ಕಿತ್ತುಹೋದ ಹಲ್ಲು. ಅದರ ಮುಂದೆ ಈಗಿನ ಕುಂಬಳಕಾಯಿ ಪಾಪದ್ದು.

ಆ ರಾತ್ರಿ ತೀರಿಕೊಂಡವರು ಮನೆಗೆ ಬರುತ್ತಾರೆ ಅಂತ ಬಾಗಿಲಿಗೆ ಅಗುಳಿ ಹಾಕದೆ, ಮೇಜಿನ ಮೇಲೆ ಅವರಿಗೊಂದು ಪಾಲು ಇಡುವ ಪದ್ಧತಿ ಇತ್ತು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಿಮ್ಮ ಅತ್ತೆಗೆ ಇದನ್ನು ಬಿಡಿಸಿ ಹೇಳೋದೇನೂ ಬೇಡ ಅಲ್ವಾ?

ಮಗನನ್ನು ಒಬ್ಬನೇ ಕಳಿಸಬೇಡಿ, ಜೊತೆಗೆ ಹೋಗಿ. ಗಡಿಯಾರ ಹಿಂದೆ ಹೋಗಿರುತ್ತೆ, ಐದಕ್ಕೆಲ್ಲ ಕತ್ತಲು. ಅಲಂಕಾರ ಇರುವ ಬಾಗಿಲು ಮಾತ್ರ ತಟ್ಟಿ. ಎಂಟರೊಳಗೆ ಮನೆ ಸೇರಿ, ಆಮೇಲೆ ದೊಡ್ಡ ಹುಡುಗರು ಮೊಟ್ಟೆ, ಪಟಾಕಿ ಹಿಡಿದು ಓಡಾಡುತ್ತಾರೆ. 2025ರ ಬೇಸಿಗೆಯಲ್ಲಿ ನಮ್ಮವರ ಮೇಲೆ ಹಲ್ಲೆಗಳಾದ ಮೇಲೆ ನಾನೂ ಸ್ವಲ್ಪ ಜಾಸ್ತಿನೇ ಹುಷಾರು. ಹಾಗಂತ ದೀಪ ಆರಿಸಿ ಒಳಗೆ ಕೂರಬೇಡಿ. ಇಲ್ಲಿ ಪಕ್ಕದ ಮನೆಯವರ ಬಾಗಿಲು ಸುಮ್ನೆ ತಟ್ಟುವಂತಿಲ್ಲ. ತಟ್ಟಬಹುದಾದ ಸಂಜೆ ಇದೊಂದೇ. ನಮ್ಮ ಬೀದಿಯಲ್ಲಿ ನನಗೆ ಪರಿಚಯ ಆದವರೆಲ್ಲ ಹೀಗೆ ಆದವರು. ಇನ್ನೊಂದು ಮಾತು, ದೀಪಾವಳಿಗೆ ಅಂತ ಉತ್ತರ ಐರ್ಲೆಂಡಿನಿಂದ ಯಾರಾದರೂ ಪಟಾಕಿ ತಂದುಕೊಟ್ಟರೆ ಮುಟ್ಟಬೇಡಿ. ಸುರುಸುರು ಬತ್ತಿಯಂಥ ಚಿಕ್ಕವು ಬಿಟ್ಟರೆ ಇಲ್ಲಿ ಕಾನೂನಿಗೆ ವಿರುದ್ಧ.

ನಾನು ಬಂದ ವರ್ಷ ಬಾಗಿಲು ತೆರೆದಾಗ ಪುಟ್ಟ ಮಾಟಗಾತಿಯೊಬ್ಬಳು ಚೀಲ ಚಾಚಿ ‘ಹೆಲ್ಪ್ ದ ಹ್ಯಾಲೋವೀನ್ ಪಾರ್ಟಿ’ ಅಂದಳು. ಡಬ್ಲಿನ್ ಮಕ್ಕಳ ಹಳೆಯ ಕೂಗು ಅದು, ಈಗ ಕಮ್ಮಿಯಾಗಿದೆ. ನನಗೆ ನೆನಪಾಗಿದ್ದು ಅಂಟಿಗೆ ಪಂಟಿಗೆ. ನಮ್ಮದು ಸಾಗರದ ಕಡೆ. ದೀಪಾವಳಿಯ ರಾತ್ರಿ ಕಂಬಳಿ ಹೊದ್ದವರು ದೀಪ ಹಿಡಿದು ಹಾಡುತ್ತಾ ಬರುತ್ತಾರೆ. ಅಮ್ಮ ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ನಮ್ಮನೆ ದೀಪ ಹಚ್ಚಿಕೊಂಡು, ಮೊರದಲ್ಲಿ ಅಕ್ಕಿ ಕೊಡುತ್ತಿದ್ದಳು. ಗಾಳಿಗೆ ದೀಪ ಆರದಂತೆ ಅವರು ಕೈ ಮರೆ ಮಾಡಿಕೊಂಡು ಮುಂದಿನ ಮನೆಗೆ ಹೋಗೋದನ್ನು ನಾವು ಜಗುಲಿಯಿಂದ ನೋಡುತ್ತಿದ್ದೆವು.

ನನ್ನ ಮಗಳು ಅದನ್ನು ನೋಡಿಲ್ಲ. ಶಾಲೆಗೆ ಹ್ಯಾಲೋವೀನ್ ವಾರ ಮಾತ್ರ ರಜೆ, ದೀಪಾವಳಿ ಅದಕ್ಕೆ ಸರಿಯಾಗಿ ಬರೋದು ಅಪರೂಪ. 2024ರಲ್ಲಿ ಬಂತು. ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಟಿಕೆಟ್ ನೋಡಿದ್ದೆವು. ಗೆಳತಿಯರೆಲ್ಲ ಸೇರಿ ವೇಷದ ಯೋಜನೆ ಹಾಕಿದ್ದಾರೆ, ಇದೊಂದು ವರ್ಷ ಬಿಟ್ಟರೆ ನಾವು ದೊಡ್ಡವರಾಗಿಬಿಡ್ತೀವಿ ಅಂತ ಅವಳು ಅತ್ತಳು. ಅವಳ ಮಾತೂ ನಿಜ. ಉಳಿದುಕೊಂಡೆವು. ಆ ರಾತ್ರಿ ಅವಳ ಚೀಲ ಸುರಿದು ಚಾಕಲೇಟ್, ಸಿಪ್ಪೆ ಸಮೇತದ ಶೇಂಗಾ ಬೇರೆ ಬೇರೆ ಮಾಡಿದೆವು. ಊರಿಗೆ ಫೋನ್ ಮಾಡಿದಾಗ ಅಮ್ಮ ಏನೂ ಅನ್ನಲಿಲ್ಲ, ‘ಮಗು ಖುಷಿಯಾಗಿದ್ದಾಳಾ’ ಅಂದಳು. ಈಗ ಮನೆಯಲ್ಲಿ ಎಣ್ಣೆ ಎರೆಯೋಕೆ ಅಮ್ಮ ಇಲ್ಲ.

ನಿಮ್ಮ ಮಗ ಇನ್ನೂ ಚಿಕ್ಕವನು. ಪಾರ್ಟಿಗೆ ಧಾರಾಳವಾಗಿ ಹೋಗಿ. ಶಾಲೆಯ ರಜೆಪಟ್ಟಿ ಬಂದ ದಿನವೇ ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ನೋಡಿ. ಕೂಡಿಬಂದ ವರ್ಷ ತಡ ಮಾಡದೆ ಟಿಕೆಟ್ ತೆಗೆಯಿರಿ, ಆ ವಾರದ ದರ ನೋಡನೋಡುತ್ತಲೇ ಏರುತ್ತೆ.