ಭೂಮಿಯ ವಯಸ್ಸು ಹೇಳಿದ್ದು ಯಾರು?

ಪ್ರಶ್ನೆ: ಭೂಮಿಗೆ 454 ಕೋಟಿ ವರ್ಷ ಅಂತಾರೆ. ಅಷ್ಟು ಹಳೆಯ ಬಂಡೆ ಇಲ್ಲಿ ಒಂದೂ ಸಿಕ್ಕಿಲ್ಲವಂತೆ. ಮತ್ತೆ ಈ ಲೆಕ್ಕ ಬಂದಿದ್ದು ಎಲ್ಲಿಂದ?

ಉತ್ತರ: ಆಕಾಶದಿಂದ ಬಿದ್ದ ಕಲ್ಲುಗಳಿಂದ. ಸೂರ್ಯ ಹುಟ್ಟಿದಾಗ ಸುತ್ತ ಇದ್ದ ದೂಳು, ಅನಿಲದಿಂದಲೇ ಭೂಮಿಯೂ ಆಯಿತು, ಉಲ್ಕಾಶಿಲೆಗಳೂ ಆದವು. ಭೂಮಿ ಕರಗಿ, ಬೆಂದು, ಬದಲಾಯಿತು. ಆ ಚೂರುಗಳು ಹೆಚ್ಚುಕಮ್ಮಿ ಹಾಗೇ ಉಳಿದವು.

ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ, ಆ ವೇಗ ನಮಗೆ ಗೊತ್ತು. ಅರಿಜೋನಾದಲ್ಲಿ ಬಿದ್ದಿದ್ದ ಕ್ಯಾನ್ಯನ್ ಡಯಾಬ್ಲೊ ಎಂಬ ಕಬ್ಬಿಣದ ಉಲ್ಕೆಯಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದರಲ್ಲಿರುವುದು ಮೊದಲಿನಿಂದ ಇದ್ದ ಸೀಸ ಮಾತ್ರ. ಬೇರೆ ಉಲ್ಕೆಗಳಲ್ಲಿ ಸೀಸ ಎಷ್ಟು ಜಾಸ್ತಿಯಾಗಿದೆ ಎಂದು ಇದಕ್ಕೆ ಹೋಲಿಸಿ 1956ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 455 ಕೋಟಿ ವರ್ಷ ಎಂದರು, ಆಚೀಚೆ 7 ಕೋಟಿ. ಉಲ್ಕೆಯ ವಯಸ್ಸು ಭೂಮಿಗೆ ಹೇಗೆ ಹೊಂದುತ್ತೆ ಅಂತ ನೀವು ಕೇಳಬಹುದು. ಸಮುದ್ರತಳದ ಕೆಸರಿನ ಸೀಸವನ್ನೂ ಅವರು ಅಳೆದರು, ಅದೂ ಅದೇ ಲೆಕ್ಕಕ್ಕೆ ಕೂತಿತು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. (ಅಳೆಯುವಾಗ ಎಲ್ಲಿ ನೋಡಿದರೂ ಹೊರಗಿನ ಸೀಸ ಬಂದು ಸೇರಿಕೊಳ್ಳುತ್ತಿತ್ತು. ಆಮೇಲೆ ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ಹೋರಾಡಿದವರೂ ಇವರೇ.)

ಇನ್ನು ಆ ಕಾಲದ ಬಂಡೆ ಯಾಕಿಲ್ಲ? ಮಂಗಳ ಗ್ರಹದಷ್ಟು ದೊಡ್ಡ ಕಾಯವೊಂದು ಬಂದು ಗುದ್ದಿತು, ಆ ಚೂರುಗಳಿಂದಲೇ ಚಂದ್ರ ಆಯಿತು ಎಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ಅಂಥ ಹೊಡೆತಕ್ಕೆ ನೆಲವೇ ಕರಗಿರಬೇಕು. ಆಮೇಲೆ ಹುಟ್ಟಿದ ಬಂಡೆಗಳನ್ನೂ ಭೂಮಿ ಒಳಗೆ ಎಳೆದುಕೊಂಡು ಮತ್ತೆ ಕರಗಿಸಿತು. ಕೆನಡಾದ ಅಕಾಸ್ಟಾದಲ್ಲಿ ಸುಮಾರು 400 ಕೋಟಿ ವರ್ಷದ ಬಂಡೆ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಎಂಬ ಖನಿಜದ ಹರಳುಗಳಲ್ಲಿ ಕೆಲವಕ್ಕೆ 440 ಕೋಟಿ ವರ್ಷದವರೆಗೂ ವಯಸ್ಸು. ಮರಳಿನ ಕಣದಷ್ಟೇ ಇರುವ ಈ ಹರಳುಗಳೊಳಗೆ ಆಕ್ಸಿಜನ್‌ನ ಹಗುರ, ಭಾರ ಬಗೆಗಳು ಎಷ್ಟೆಷ್ಟಿವೆ ಎಂದು ನೋಡಿದರೆ, ಆಗಲೇ ನೆಲದ ಮೇಲೆ ನೀರು ಇದ್ದ ಹಾಗಿದೆ. ಅಂದರೆ ಮೊದಲ 50 ಕೋಟಿ ವರ್ಷ ಭೂಮಿ ಪೂರ್ತಿ ಬೆಂಕಿಯ ಉಂಡೆ ಎಂಬ ಹಳೆಯ ಚಿತ್ರವನ್ನು ಸುಮ್ನೆ ನಂಬಬೇಡಿ.

ಪ್ರಶ್ನೆ: ನೀರಿತ್ತು ಅಂದ್ಮೇಲೆ ಆಗ ನಾವು ಉಸಿರಾಡಬಹುದಿತ್ತು ಅಲ್ವಾ?

ಉತ್ತರ: ಇಲ್ಲ. ಗಾಳಿಯಲ್ಲಿ ಆಕ್ಸಿಜನ್ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳಿಂದ. ಅದೂ ನಾವು ಉಸಿರಾಡುವಷ್ಟೇನಲ್ಲ, ಚೂರೇ ಚೂರು.