ಚೀಲದ ಮೇಲೊಂದು ತೂಕ, ತಕ್ಕಡಿಯಲ್ಲೊಂದು

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಅಕ್ಕನ ಮಗ ಹಳೆ ಕಂಪ್ಯೂಟರಿಗೆ ಆರ್ಚ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಪ್ರಿಂಟರ್ ಡ್ರೈವರ್ ಎಯುಆರ್‌ನಿಂದ, ಅಂದರೆ ಆರ್ಚ್ ಬಳಕೆದಾರರ ಪ್ಯಾಕೇಜ್ ಸಂಗ್ರಹದಿಂದ ತಂದದ್ದು. ಹೋದ ವಾರ ಅದನ್ನು ಅಪ್‌ಡೇಟ್ ಮಾಡಲು ಹೋದರೆ ಚೆಕ್‌ಸಮ್ ತಾಳೆಯಾಗಲಿಲ್ಲ ಅಂತ ನಿಂತುಬಿಟ್ಟಿತು. ಅದೇ ಪ್ಯಾಕೇಜ್ ಬಳಸುವ ಒಬ್ಬರು ‘ಚೆಕ್ ಬಿಟ್ಟು ಮುಂದೆ ಹೋಗಿ, ನನಗೆ ನಡೀತು’ ಅಂದಿದ್ದಾರೆ. ಹಾಗೇ ಮಾಡಲೇ ಸರ್? ಅಡ್ಮಿಷನ್ ಟೈಮು, ಪ್ರಿಂಟರ್ ನಿಂತರೆ ಕಷ್ಟ.

ಉತ್ತರ: ಬೇಡ. ಮೊದಲು ಗಾಬರಿ ಬಿಡಿ. ಅಪ್‌ಡೇಟ್ ಅರ್ಧಕ್ಕೆ ನಿಂತಿದೆ ಅಷ್ಟೇ, ಹಳೆ ಡ್ರೈವರ್ ಎಲ್ಲೂ ಹೋಗಿಲ್ಲ. ಇವತ್ತೂ ಪ್ರಿಂಟ್ ಬರ್ತಿದೆ ಅಲ್ವಾ? ಹಾಗಾದರೆ ಅವಸರವೇ ಇಲ್ಲ.

ಎಯುಆರ್‌ನಲ್ಲಿ ಇರುವುದು ಆರ್ಚ್‌ನವರು ಸಿದ್ಧ ಮಾಡಿಕೊಟ್ಟ ಸಾಮಾನಲ್ಲ. ನಿಮ್ಮ ನಮ್ಮಂಥ ಬಳಕೆದಾರರೇ ಬರೆದಿಟ್ಟ ಪಿಕೆಜಿಬಿಲ್ಡ್ ಅನ್ನುವ ಚಿಕ್ಕ ಸ್ಕ್ರಿಪ್ಟು. ಯಾವ ಫೈಲನ್ನು ಎಲ್ಲಿಂದ ತರಬೇಕು, ಹೇಗೆ ಕಟ್ಟಬೇಕು ಅಂತ ಅದರಲ್ಲಿರುತ್ತದೆ, ಕಟ್ಟುವುದು ನಿಮ್ಮದೇ ಯಂತ್ರ. ಚೆಕ್‌ಸಮ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ಆ ಸ್ಕ್ರಿಪ್ಟಿನಲ್ಲಿ ಬರೆದಿಟ್ಟ ಒಂದು ಸಂಖ್ಯೆ. ಗಂಗಾವತಿಯವರಿಗೆ ಬೇರೆ ಹೇಳಬೇಕಾ, ಅಕ್ಕಿ ಚೀಲದ ಮೇಲೆ ಬರೆದ ತೂಕ ಇದ್ದ ಹಾಗೆ. ತಕ್ಕಡಿಗೆ ಹಾಕಿದಾಗ ಬೇರೆ ಬಂತು ಅಂದರೆ ದಾರಿಯಲ್ಲಿ ಚೀಲ ಬಿಚ್ಚಿರಬಹುದು, ಇಲ್ಲ ಮಿಲ್ಲಿನವರೇ ಬೇರೆ ಅಕ್ಕಿ ತುಂಬಿ ಹಳೆ ಚೀಟಿ ಹಾಗೇ ಬಿಟ್ಟಿರಬಹುದು. ನಿಜ ಹೇಳಬೇಕಂದರೆ ಎರಡನೆಯದೇ ಜಾಸ್ತಿ. ಕಂಪನಿ ಅದೇ ಹೆಸರಲ್ಲಿ ಫೈಲ್ ಬದಲಿಸಿರುತ್ತದೆ, ಪ್ಯಾಕೇಜ್ ನೋಡಿಕೊಳ್ಳುವವರು ಹೊಸ ಸಂಖ್ಯೆ ಹಾಕಿರುವುದಿಲ್ಲ. ಕೆಲವು ಸಲ ಡೌನ್‌ಲೋಡ್ ಅರ್ಧಕ್ಕೆ ತುಂಡಾಗಿರುತ್ತದೆ, ಆಗ ಆ ಫೈಲ್ ಅಳಿಸಿ ಮತ್ತೆ ತಂದರೆ ಸರಿಹೋಗುತ್ತದೆ. ಅದನ್ನೇ ಮೊದಲು ಮಾಡಿ ನೋಡಿ.

ಆದರೂ ಸರಿಹೋಗದಿದ್ದರೆ ಪಿಕೆಜಿಬಿಲ್ಡ್ ತೆರೆದು ಓದಿ. ಫೈಲ್ ಬರುವುದು ಪ್ರಿಂಟರ್ ಕಂಪನಿಯ ಸ್ವಂತ ವಿಳಾಸದಿಂದಲೇನಾ? ಅಥವಾ ಮೊನ್ನೆ ಮೊನ್ನೆ ಯಾರೋ ಸೇರಿಸಿದ ಬೇರೆ ವಿಳಾಸವಾ? ಒಂದು ಇನ್‌ಸ್ಟಾಲ್ ಫೈಲೂ ಇದ್ದರೆ ಅದನ್ನಂತೂ ಬಿಡಬೇಡಿ, ಅದು ರೂಟ್ ಅಧಿಕಾರದಲ್ಲೇ, ಅಂದರೆ ಇಡೀ ಯಂತ್ರದಲ್ಲಿ ಏನು ಬೇಕಾದರೂ ಮಾಡುವ ಅಧಿಕಾರದಲ್ಲೇ ಓಡುತ್ತದೆ. ಓದಿ ಅರ್ಥವಾಗದಿದ್ದರೆ ಫೋಟೋ ತೆಗೆದು ಅಕ್ಕನ ಮಗನಿಗೆ ಕಳಿಸಿ, ಹಾಕಿಕೊಟ್ಟವನು ಅವನೇ ತಾನೇ! ‘ನನಗೆ ನಡೀತು’ ಅಂದವರಿಗೆ ಪ್ರಿಂಟ್ ಬಂದಿರಬಹುದು, ಅದರ ಜೊತೆ ಇನ್ನೇನು ಬಂತು ಅಂತ ಅವರೂ ನೋಡಿರುವುದಿಲ್ಲ.

ಪ್ರಶ್ನೆ: ನಾನು ಸಿಂಧನೂರಿನವ, ಡಿಪ್ಲೊಮಾ ಓದುತ್ತಿದ್ದೇನೆ. ನಾನು ಬಳಸುವ ಒಂದು ಎಯುಆರ್ ಪ್ಯಾಕೇಜ್ ಈಗ ಅನಾಥ, ಅಂದರೆ ನೋಡಿಕೊಳ್ಳುವವರಿಲ್ಲ ಅಂತ ತೋರಿಸುತ್ತಿದೆ. ನಾನೇ ವಹಿಸಿಕೊಳ್ಳಬಹುದಾ?

ಉತ್ತರ: ಖಂಡಿತ. ಖಾತೆ ತೆರೆದು ಒಂದು ಎಸ್‌ಎಸ್‌ಎಚ್ ಕೀ (ಬದಲಾವಣೆ ಕಳಿಸುವುದು ನೀವೇ ಅಂತ ಗುರುತಿಸುವ ಡಿಜಿಟಲ್ ಕೀಲಿ) ಸೇರಿಸಿದರೆ ಸಾಕು, ಯಾರನ್ನೂ ಕೇಳಬೇಕಿಲ್ಲ. ಇಷ್ಟು ಸಲೀಸಾಗಿರುವುದೇ ಒಂದು ತೊಂದರೆ ಕೂಡ. 2018ರ ಜುಲೈನಲ್ಲಿ ಯಾರೋ ಹೀಗೇ ಅನಾಥವಾಗಿದ್ದ ಪಿಡಿಎಫ್ ಓದುವ ಪ್ಯಾಕೇಜೊಂದನ್ನು ವಹಿಸಿಕೊಂಡು, ಹೊರಗಿನಿಂದ ಸ್ಕ್ರಿಪ್ಟ್ ಇಳಿಸಿಕೊಂಡು ಓಡಿಸುವ ಸಾಲು ಸೇರಿಸಿದ್ದರು. ಸಿಕ್ಕಿಬಿದ್ದು ಆ ಬದಲಾವಣೆ ತೆಗೆದುಹಾಕಲಾಯಿತು. ನೀವು ತಗೊಂಡರೆ ಹೊಸ ಆವೃತ್ತಿ ಬಂದಾಗ ಆವೃತ್ತಿ ಸಂಖ್ಯೆ, ಚೆಕ್‌ಸಮ್ ಎರಡನ್ನೂ ಬದಲಿಸಿ, ನಿಮ್ಮ ಯಂತ್ರದಲ್ಲಿ ಕಟ್ಟಿ ನೋಡಿಯೇ ಹಾಕಿ. ಪರೀಕ್ಷೆ ಸಮಯದಲ್ಲಿ ಪುರುಸೊತ್ತು ಇರಲ್ಲ ಅನ್ನಿಸಿದರೆ ಜೊತೆಗೆ ಇನ್ನೊಬ್ಬರನ್ನು ಸಹ ನಿರ್ವಾಹಕರಾಗಿ ಸೇರಿಸಿಕೊಳ್ಳುವ ಅವಕಾಶ ಅಲ್ಲೇ ಇದೆ.