ಓದುಗರ ಪ್ರಶ್ನೆ: ಪೀಸ್‌ಪ್ಯಾಕ್ ಪರಿಚಯಿಸುವುದು ಹೇಗೆ?

ಪ್ರಶ್ನೆ: ಆಟದ ಕೂಟದಲ್ಲಿ ಪೀಸ್‌ಪ್ಯಾಕ್ ಇಟ್ಟರೆ ಜನ ಬಂದು ‘ಇದ್ಯಾವ ಆಟ?’ ಅಂತ ಕೇಳುತ್ತಾರೆ. ವಿವರಿಸುವಷ್ಟರಲ್ಲಿ ಹೊರಟೇಬಿಡುತ್ತಾರೆ. ಏನು ಮಾಡಲಿ?

ಉತ್ತರ: ಇಸ್ಪೀಟು ಕಟ್ಟಿನ ಹಾಗೆ ಇದೂ ಹಲವು ಆಟಗಳ ಸಾಮಗ್ರಿ. ಜೇಮ್ಸ್ ಕೈಲ್ 2000ರಲ್ಲಿ ರೂಪಿಸಿದ್ದು. 24 ಚೌಕ ಬಿಲ್ಲೆ, 24 ನಾಣ್ಯ, 4 ದಾಳ, 4 ಕಾಯಿ ಎಂದು ಲೆಕ್ಕ ಒಪ್ಪಿಸುತ್ತ ನಿಂತರೆ ಯಾರೂ ನಿಲ್ಲುವುದಿಲ್ಲ. ಗೊತ್ತಿರುವ ಆಟವನ್ನೇ ಹಾಸಿಡಿ.

ನಮ್ಮವರಿಗೆ ಚೌಕಾಬಾರ ಹೇಳಿ ಮಾಡಿಸಿದ ಹಾಗಿದೆ. ಐದೈದು ಮನೆಯ ಹಾಸಿಗೆ 25 ಬಿಲ್ಲೆ ಬೇಕು, ಇರುವುದು 24. ನಡುಮನೆಯನ್ನು ಖಾಲಿ ಬಿಡಿ, ಹಣ್ಣಾಗುವ ಜಾಗ ಅದೇ! ಬಿಲ್ಲೆಗಳ ಗೆರೆ ಇರುವ ಬದಿ ಮೇಲಿರಲಿ. ನಾಲ್ಕು ಬದಿಯ ನಡುವಿನ ಕಟ್ಟೆಮನೆಗಳಲ್ಲಿ ಮಾತ್ರ ಪೀಸ್‌ಪ್ಯಾಕಿನ ನಾಲ್ಕು ಚಿಹ್ನೆಗಳಾದ ಸೂರ್ಯ, ಚಂದ್ರ, ಕಿರೀಟ, ಲಾಂಛನದ ಒಂದೊಂದು ಬಿಲ್ಲೆಯನ್ನು ಚಿಹ್ನೆ ಕಾಣುವಂತೆ ಮಗುಚಿ. ಒಬ್ಬೊಬ್ಬರಿಗೆ ತಮ್ಮ ಚಿಹ್ನೆಯ 4 ನಾಣ್ಯ. ಉಳಿದ 8ರಲ್ಲಿ ನಾಲ್ಕನ್ನು ಕವಡೆಯಾಗಿ ಎಸೆಯಿರಿ: ಚಿಹ್ನೆ ಬಿದ್ದಷ್ಟು ಮನೆ, ಒಂದೂ ಬೀಳದಿದ್ದರೆ ಎಂಟು.

ಎಡವುವುದು ಎರಡು ಕಡೆ. ಬಿಲ್ಲೆಯ ಮೇಲಿನ ಗೆರೆ ನೋಡಿ ಹೊಸಬರು ಒಂದನ್ನೇ ನಾಲ್ಕು ಮನೆಯೆಂದು ಎಣಿಸುತ್ತಾರೆ, ಮೊದಲೇ ಹೇಳಿಬಿಡಿ. ಆಡುವ ನಾಣ್ಯ ಮಗುಚಿದರೆ ಅಂಕೆಯಷ್ಟೇ ಕಾಣುತ್ತದೆ, ಯಾರದೆಂದು ತಿಳಿಯುವುದಿಲ್ಲ.

ಆಟ ಮುಗಿದ ಕೂಡಲೇ ಅದೇ ಬಿಲ್ಲೆಗಳಲ್ಲಿ 16 ಜೋಡಿಸಿ, ಈ ಸಲ ಗೆರೆಯಂತೆ ಒಂದೊಂದನ್ನೂ ನಾಲ್ಕು ಮನೆಯೆಂದು ಎಣಿಸಿ 64 ಮನೆ ಮಾಡಿ, ಇಬ್ಬರಿಗೂ ಎರಡೆರಡು ಚಿಹ್ನೆಯ 12 ನಾಣ್ಯ ಹಂಚಿ ಚೆಕರ್ಸ್ ಶುರು ಮಾಡಿ.